ಜಪಾನೀಸ್ ಯಾಕೆ ಕಲಿಯುತ್ತಿದ್ದೀರಿ? ಮೈಸೂರು, ಮಂಡ್ಯ ಕಡೆಯವರು ಹೇಳಿ

ಮಲ್ಲಿಗೆ ಮೈಸೂರು:
ಎಲ್ಲರಿಗೂ ನಮಸ್ಕಾರ. ನಾನು ಕುವೆಂಪುನಗರದವಳು. ಐದು ವರ್ಷದಿಂದ ಜಪಾನೀಸ್ ಕಲಿಯುತ್ತಿದ್ದೇನೆ. ಹೋದ ವರ್ಷ ಜೆಎಲ್‌ಪಿಟಿ ಅನ್ನುವ ಜಪಾನೀಸ್ ಪರೀಕ್ಷೆಯಲ್ಲಿ ಎನ್3 ಪಾಸಾಯಿತು. ಅದರಲ್ಲಿ ಎನ್5 ಕೆಳಗಿನ ಹಂತ, ಎನ್1 ಮೇಲಿನದು. ಈಗ ಭಾನುವಾರ ಬೆಳಿಗ್ಗೆ ಮನೆಯಲ್ಲೇ ಸಣ್ಣದಾಗಿ ಪಾಠ ಶುರು ಮಾಡಬೇಕು ಅಂತಿದ್ದೇನೆ. ಫೀಸು ಬೇಡ. ಆದರೆ ಪಾಠ ಕನ್ನಡದಲ್ಲೇ ನಡೆಯಬೇಕು, ಅದೊಂದು ಹಟ.

ಅದಕ್ಕೆ ಮುಂಚೆ ನಿಮ್ಮನ್ನೆಲ್ಲ ಒಂದು ಮಾತು ಕೇಳಬೇಕು. ಹೋದ ವಾರ ನಂಜನಗೂಡಿನಲ್ಲಿ ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಕೇಳಿದರು, "ಮಗ ಏನಾದ್ರೂ ಜಪಾನಲ್ಲಿದ್ದಾನೇನಮ್ಮ?" ಇಲ್ಲ ಅಂದೆ. "ಯಜಮಾನ್ರ ಕಂಪನಿ ಕಡೆಯಿಂದ್ಲಾ?" ಅದೂ ಇಲ್ಲ. "ಮತ್ಯಾಕಮ್ಮ?" ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಬೇರೆ ಕಡೆ ಹೋಯಿತು. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಗೂ ಬಂತು.

ನಾನು ಶುರು ಮಾಡಿದ್ದು ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡಬಹುದು ಅಂತ. ಆ ಕೆಲಸ ಇನ್ನೂ ಸಿಕ್ಕಿಲ್ಲ. ಆದರೂ ಬಿಡಲಿಲ್ಲ. ಅಂದರೆ ಶುರುವಿನ ಕಾರಣ ಬೇರೆ, ಕೈಬಿಡದಂತೆ ಹಿಡಿದುಕೊಂಡ ಕಾರಣ ಬೇರೆ. ನಿಮ್ಮದೂ ಹೀಗೆಯೇನಾ? ಎರಡನ್ನೂ ಹೇಳಿ. ಪಾಠ ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ಅದರಿಂದ ಗೊತ್ತಾಗುತ್ತದೆ.

ದೊಡ್ಡಿ ಹುಡುಗ:
ಅಕ್ಕ, ನಾನು ಕೆ.ಎಂ. ದೊಡ್ಡಿ ಕಡೆಯವನು. ದುಡ್ಡಿಗೆ ಕಲಿಯುತ್ತಿದ್ದೇನೆ. ಇದನ್ನು ಹೇಳಲು ನನಗೇನೂ ನಾಚಿಕೆ ಇಲ್ಲ. ಡಿಪ್ಲೊಮಾ ಆಗಿ ಮೂರು ವರ್ಷ ಆಯಿತು. ಇಲ್ಲಿ ಸಿಗುವ ಸಂಬಳದಲ್ಲಿ ಅಪ್ಪನ ಸಾಲ ತೀರಲ್ಲ. ಜಪಾನಿನಲ್ಲಿ ವ್ಯವಸಾಯದ ಕೆಲಸಕ್ಕೂ ವೀಸಾ ಕೊಡುತ್ತಾರೆ. ನನಗೆ ಮಣ್ಣಿನ ಕೆಲಸ ಗೊತ್ತು. ಭಾಷೆ ಒಂದು ಗೊತ್ತಿರಲಿಲ್ಲ, ಅಷ್ಟೆ.

ಹಿಡಿದುಕೊಂಡ ಕಾರಣ ಕೇಳಿದಿರಿ. ಅದೂ ದುಡ್ಡೇ. ಬೇರೆ ಕಾರಣ ಇರಲೇಬೇಕಾ?

ಪಿಯುಸಿ ಪೆನ್ಸಿಲ್:
ನಾನು ಸೆಕೆಂಡ್ ಪಿಯುಸಿ. ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ನೋಡಿ ಶುರು ಮಾಡಿದ್ದು. ಎಲ್ಲರೂ ಹಾಗೇ ಅಲ್ವಾ? ಆದರೆ ನಿಂತಿದ್ದು ಮಾಂಗಾದಿಂದ, ಅಂದರೆ ಅವರ ಚಿತ್ರಕಥೆ ಪುಸ್ತಕಗಳಿಂದ. ನಾನು ಚಿತ್ರ ಬರೆಯುತ್ತೇನೆ. ಮಾಂಗಾದಲ್ಲಿ ಸದ್ದುಗಳನ್ನು ಚಿತ್ರದ ಒಳಗೇ ದೊಡ್ಡದಾಗಿ ಕೈಯಲ್ಲಿ ಬರೆದಿರುತ್ತಾರೆ. ಇಂಗ್ಲಿಷ್ ಅನುವಾದದಲ್ಲಿ ಎಷ್ಟೋ ಸಲ ಅದನ್ನು ಹಾಗೇ ಬಿಟ್ಟುಬಿಡುತ್ತಾರೆ, ಇಲ್ಲವೇ ಮೂಲೆಯಲ್ಲಿ ಚಿಕ್ಕದಾಗಿ ಏನೋ ಹಾಕುತ್ತಾರೆ. ನನಗೆ ಆ ಅಕ್ಷರವೇ ಬೇಕಿತ್ತು.

ಹೃದಯ ಬಡಿದರೆ ದೊಕಿದೊಕಿ. ನಾವು ಡವಡವ ಅನ್ನುತ್ತೇವೆ. ಹೊಳೆದರೆ ಕಿರಾಕಿರಾ, ನಮ್ಮದು ಫಳಫಳ. ಗುಡುಗಿದರೆ ಗೊರೊಗೊರೊ, ನಮ್ಮದು ಗುಡುಗುಡು. ಹೊಟ್ಟೆ ಹಸಿದರೆ ಪೆಕೊಪೆಕೊ. ಇಂಗ್ಲಿಷಿನಲ್ಲಿ ಇದನ್ನೆಲ್ಲ ಸುತ್ತಿ ಬಳಸಿ ಹೇಳಬೇಕು. ಕನ್ನಡದಲ್ಲಿ ಹಾಗಲ್ಲ, ಜೋಡಿ ಮಾತು ತಾನಾಗೇ ಬಾಯಿಗೆ ಬರುತ್ತದೆ.

ಒಂದು ಪುಟ ನನಗೆ ಮರೆಯಲ್ಲ. ಖಾಲಿ ತರಗತಿ. ಒಬ್ಬನೇ ಹುಡುಗ ನಿಂತಿದ್ದಾನೆ. ಗೋಡೆ ಮೇಲೆ ಉದ್ದಕ್ಕೆ "ಶೀ...ನ್" ಅಂತ ಬರೆದಿದೆ. ಸದ್ದೇ ಇಲ್ಲದ ಜಾಗಕ್ಕೂ ಒಂದು ಸದ್ದಿನ ಪದ. ಅಜ್ಜಿಗೆ ತೋರಿಸಿ ಇದಕ್ಕೆ ಕನ್ನಡದಲ್ಲಿ ಏನು ಹೇಳುತ್ತಾರೆ ಅಂತ ಕೇಳಿದೆ. ಅಜ್ಜಿ ಚಿತ್ರ ನೋಡಿ, "ಬಿಕೋ ಅಂತಿದೆ ಕಣೋ" ಅಂದರು. ಅಷ್ಟೇ! ಅವತ್ತಿನಿಂದ ಪದಗಳ ಪುಸ್ತಕದಲ್ಲಿ ಇಂಗ್ಲಿಷ್ ಅರ್ಥ ಬರೆಯುವುದು ಬಿಟ್ಟೆ. ಕನ್ನಡದ್ದೇ ಬರೆಯುತ್ತೇನೆ.

ಮಲ್ಲಿಗೆ ಮೈಸೂರು:
"ಬಿಕೋ" ನನಗೆ ಹೊಳೆದೇ ಇರಲಿಲ್ಲ. ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ಹೇಳಪ್ಪ.

ಇಬ್ಬರು ಮಕ್ಕಳ ತಾಯಿ:
ಬೇಜಾರು ಮಾಡಿಕೊಳ್ಳಬೇಡಿ, ನನ್ನದು ಬೇರೆ ಮಾತು. ನನ್ನ ದೊಡ್ಡ ಮಗಳು ಒಂಬತ್ತನೇ ಕ್ಲಾಸು. ಜಪಾನೀಸ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವಳಿಗೆ ಕನ್ನಡದಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯಲು ಬರಲ್ಲ. ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಕಲಸುಮೇಲೋಗರ. ಮೊದಲು ಮನೆ ಭಾಷೆ ಗಟ್ಟಿಯಾಗಲಿ, ಆಮೇಲೆ ದೂರದ್ದು ಅನ್ನುವುದು ನನ್ನ ಅಭಿಪ್ರಾಯ. ಹೊತ್ತು ಇರುವುದೇ ಕಡಿಮೆ. ಟ್ಯೂಷನ್ ಮುಗಿದು ಮನೆಗೆ ಬರುವಾಗ ಏಳೂವರೆ. ಆ ಮೇಲೆ ಎರಡು ಸಾವಿರ ಅಕ್ಷರ ಬಾಯಿಪಾಠ ಮಾಡು ಅಂದರೆ ಹೇಗೆ?

ಹೆಬ್ಬಾಳ್ ಫಸ್ಟ್ ಶಿಫ್ಟ್:
ತಾಯಿ ಹೇಳಿದ್ದು ನಿಜವಾದ ಚಿಂತೆ. ಅದಕ್ಕೆ ಉತ್ತರ ಬೇರೆಯವರು ಕೊಡಲಿ. ನಾನು ನನ್ನ ಕತೆ ಹೇಳುತ್ತೇನೆ.

ಮೈಸೂರಿನ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ವಾಲಿಟಿ ವಿಭಾಗದಲ್ಲಿ ಇದ್ದೇನೆ. ನಮ್ಮ ಕಡೆ ಯಾವ ಫ್ಯಾಕ್ಟರಿಗೆ ಹೋದರೂ ಗೋಡೆ ಮೇಲೆ 5 ಎಸ್ ಬೋರ್ಡ್ ಇರುತ್ತದೆ. ಕೆಲಸದ ಜಾಗ ಒಪ್ಪವಾಗಿಡುವ ಜಪಾನಿನ ಪದ್ಧತಿ ಅದು. ಸೇರಿ, ಸೇತೊನ್, ಸೇಸೊ, ಸೇಕೆತ್ಸು, ಶಿತ್ಸುಕೆ. ಹನ್ನೊಂದು ವರ್ಷ ಅದನ್ನು ಮಂತ್ರದ ಹಾಗೆ ಹೇಳಿದ್ದೇನೆ. ಕೈಜೆನ್, ಕಾನ್‌ಬಾನ್, ಗೆಂಬಾ, ಪೊಕಾ ಯೊಕೆ ಎಲ್ಲ ದಿನಾ ಬಾಯಲ್ಲಿ. ಇದು ಜನ ಆಡುವ ಭಾಷೆ ಅನ್ನುವುದೇ ತಲೆಗೆ ಹೋಗಿರಲಿಲ್ಲ.

ಒಂದು ದಿನ ಜಪಾನಿನಿಂದ ವಯಸ್ಸಾದ ಎಂಜಿನಿಯರ್ ಒಬ್ಬರು ಬಂದರು. ಎಲ್ಲರೂ ಮೀಟಿಂಗ್ ರೂಮಿಗೆ ಕರೆದರೆ ಅವರು ನೇರ ಲೈನಿಗೆ ಬಂದರು. ನೆಲದ ಮೇಲೆ ಒಂದು ಬೋಲ್ಟು ಬಿದ್ದಿತ್ತು. ಕುಕ್ಕರಗಾಲಲ್ಲಿ ಕೂತು ಎತ್ತಿಕೊಂಡರು. ಅಂಗೈಯಲ್ಲಿ ಇಟ್ಟುಕೊಂಡು, ಬೆರಳಿಂದ ಹೊರಳಿಸುತ್ತ, ನಮ್ಮ ಆಪರೇಟರ್ ಹುಡುಗನ ಮುಖ ನೋಡಿಕೊಂಡು ಎರಡು ನಿಮಿಷ ಮಾತಾಡಿದರು. ದನಿಯಲ್ಲಿ ಗದರಿಕೆ ಇರಲಿಲ್ಲ. ದುಭಾಷಿ ಹೇಳಿದ್ದು ಒಂದೇ ಸಾಲು, "ಪಾರ್ಟ್ಸ್ ಕೆಳಗೆ ಬೀಳಿಸಬಾರದಂತೆ." ಎರಡು ನಿಮಿಷದ ಮಾತು ಅಷ್ಟಕ್ಕೇ ಮುಗಿಯಿತಾ? ಉಳಿದದ್ದು ಎಲ್ಲಿ ಹೋಯಿತು? ಆ ಹುಡುಗನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಅವತ್ತು ರಾತ್ರಿಯೇ ಹಿರಗಾನ, ಅಂದರೆ ಜಪಾನೀಸಿನಲ್ಲಿ ಮೊದಲು ಕಲಿಯುವ ಅಕ್ಷರ, ಬರೆಯಲು ಕೂತೆ.

ಕಲಿತ ಮೇಲೆ ಗೋಡೆಯ ಪದಗಳಿಗೆ ಜೀವ ಬಂತು. ಗೆಂಬಾ ಅಂದರೆ ಕೆಲಸ ನಡೆಯುವ ಜಾಗವೇ. ಪೊಕಾ ಯೊಕೆ ಅಂದರೆ ಕಣ್ತಪ್ಪು ಆಗದ ಹಾಗೆ ತಡೆಯುವುದು. ಅದಕ್ಕೆ ಮೊದಲು ಬಾಕಾ ಯೊಕೆ ಅನ್ನುತ್ತಿದ್ದರು. ಬಾಕಾ ಅಂದರೆ ದಡ್ಡ. ಆ ಪದ ಕೆಲಸಗಾರರ ಮನಸ್ಸಿಗೆ ನೋವು ಮಾಡುತ್ತದೆ ಅಂತ 1960ರ ದಶಕದಲ್ಲಿ ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ ಅದನ್ನು ಬದಲಾಯಿಸಿದರು. ದಡ್ಡ ಇರುವುದಿಲ್ಲ, ಕಣ್ತಪ್ಪು ಇರುತ್ತದೆ. ಇದನ್ನು ನಮ್ಮ ಲೈನಿನ ಹುಡುಗರಿಗೆ ಕನ್ನಡದಲ್ಲಿ ಹೇಳಿದಾಗ ಅವರು ಸುಮ್ಮನೆ ಕೇಳಿಸಿಕೊಂಡ ರೀತಿ ಇದೆಯಲ್ಲ, ನನಗೆ ಅದೇ ಸಾಕು.

ಮಂಡ್ಯ ಸಿಸ್ಟರ್:
ದೊಡ್ಡಿ ಅಣ್ಣ, ನಾನೂ ದುಡ್ಡಿಗೇ ಶುರು ಮಾಡಿದ್ದು. ಜಿಎನ್‌ಎಂ ಮುಗಿಸಿ ಮಂಡ್ಯದಲ್ಲಿ ನರ್ಸ್ ಕೆಲಸದಲ್ಲಿದ್ದೇನೆ. ಜಪಾನಿನಲ್ಲಿ 65 ದಾಟಿದವರು ನೂರಕ್ಕೆ ಸುಮಾರು 29 ಮಂದಿ. ನೋಡಿಕೊಳ್ಳಲು ಕೈ ಸಾಲದು. ಅದಕ್ಕೇ 2019ರ ಏಪ್ರಿಲ್‌ನಲ್ಲಿ ತೊಕುತೇ ಗಿನೊ ಅನ್ನುವ, ಹೊರದೇಶದ ನುರಿತ ಕೆಲಸಗಾರರ ವೀಸಾ ಶುರು ಮಾಡಿದರು. ನಮ್ಮ ದೇಶ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಕೇರ್ ಕೆಲಸಕ್ಕೆ, ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ, ಮೂರು ಪರೀಕ್ಷೆ ಬೇಕು. ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಅನ್ನುವ ಭಾಷೆಯ ಪರೀಕ್ಷೆ ಒಂದು. ಕೆಲಸದ ಪರೀಕ್ಷೆ ಒಂದು. ಕೇರ್ ಕೆಲಸದ ಜಪಾನೀಸ್ ಪರೀಕ್ಷೆ ಇನ್ನೊಂದು. ಮೊದಲ ಹಂತದ ವೀಸಾದಲ್ಲಿ ಒಟ್ಟು ಐದು ವರ್ಷ ಇರಬಹುದು, ಮನೆಯವರನ್ನು ಕರೆದುಕೊಂಡು ಹೋಗಲು ಆಗಲ್ಲ. ಅಲ್ಲೇ ಮೂರು ವರ್ಷ ದುಡಿದು, ತರಬೇತಿ ಮುಗಿಸಿ, ಅವರ ರಾಷ್ಟ್ರೀಯ ಪರೀಕ್ಷೆ ಪಾಸು ಮಾಡಿದರೆ ದಾರಿ ಬೇರೆ ಆಗುತ್ತದೆ.

ಇದನ್ನೆಲ್ಲ ಇಷ್ಟು ಬಿಡಿಸಿ ಯಾಕೆ ಹೇಳುತ್ತೇನೆ ಅಂದರೆ, ನನಗೆ ಮೊದಲು ಯಾರೂ ಹೇಳಲಿಲ್ಲ. ಒಂದು ಏಜೆನ್ಸಿಯವರು "ಎನ್5 ಸಾಕು, ಆರು ತಿಂಗಳಲ್ಲಿ ಕಳಿಸ್ತೀವಿ" ಅಂದರು. ಅಮ್ಮನ ಬಳೆ ಅಡ ಇಟ್ಟು 60,000 ಕೊಟ್ಟೆ. ನಾಲ್ಕು ತಿಂಗಳಾದ ಮೇಲೆ ಫೋನು ಸ್ವಿಚ್ ಆಫ್. ಆಫೀಸಿಗೆ ಹೋದರೆ ಬೀಗ. ನನ್ನ ಜೊತೆ ಇನ್ನೂ ಏಳು ಹುಡುಗಿಯರು ಬಾಗಿಲ ಮುಂದೆ ನಿಂತಿದ್ದರು. ಅವರಲ್ಲಿ ಆರು ಮಂದಿ ಅವತ್ತೇ ಜಪಾನೀಸ್ ಬಿಟ್ಟರು. ಅವರ ತಪ್ಪಿಲ್ಲ. ದಯವಿಟ್ಟು ದುಡ್ಡು ಕೊಡುವ ಮುಂಚೆ ಯಾವ ಪರೀಕ್ಷೆ, ಯಾವ ವೀಸಾ ಅಂತ ನೀವೇ ನೋಡಿ.

ನಾನು ಯಾಕೆ ಬಿಡಲಿಲ್ಲ? ಆಗ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು. ಪಾರ್ಶ್ವವಾಯು. ಮಾತು ನಿಂತಿತ್ತು. ಕೈ ಎತ್ತುವ ಮುಂಚೆ "ಕೈ ಎತ್ತುತ್ತೇನೆ ತಾತ" ಅಂತ ಹೇಳಿದರೆ ಅವರ ಮೈ ಸಡಿಲ ಆಗುತ್ತಿತ್ತು. ಹೇಳದೆ ಮುಟ್ಟಿದರೆ ಬಿಗಿ. ನನ್ನ ಕೇರ್ ಜಪಾನೀಸ್ ಪುಸ್ತಕದಲ್ಲೂ ಅದೇ ಪಾಠ ಇತ್ತು. ಮುಟ್ಟುವ ಮುಂಚೆ ಮಾತಾಡಿಸು. ಅದಕ್ಕೆ ಅವರಲ್ಲಿ ಕೊಯೆ ಕಾಕೆ ಅನ್ನುತ್ತಾರೆ. ಕೊಯೆ ಅಂದರೆ ದನಿ. ಇದು ನನಗೆ ಗೊತ್ತಿರುವ ಕೆಲಸವೇ, ಬೇರೆ ಭಾಷೆಯಲ್ಲಿ ಮಾಡಬೇಕು ಅಷ್ಟೆ ಅನ್ನಿಸಿತು. ಮತ್ತೆ ಪುಸ್ತಕ ತೆರೆದೆ. ಈಗ ಮೂರೂ ಪರೀಕ್ಷೆ ಪಾಸಾಗಿದೆ. ವೀಸಾ ಕಾಯುತ್ತಿದ್ದೇನೆ.

ದೊಡ್ಡಿ ಹುಡುಗ:
ಸಿಸ್ಟರ್, ಓದಿ ಸುಮ್ಮನೆ ಕೂತೆ. ನನಗೂ ಒಬ್ಬರು ಎನ್5 ಸಾಕು ಅಂತ ಹೇಳಿದ್ದಾರೆ. ನಾಳೆ ಹೋಗಿ ದುಡ್ಡು ಕಟ್ಟಬೇಕಿತ್ತು. ಕಟ್ಟುವುದಿಲ್ಲ.

ಮಂಡ್ಯ ಸಿಸ್ಟರ್:
ಕಟ್ಟಬೇಡಿ ಅಣ್ಣ. ಜಪಾನೀಸ್ ಕಲಿಕೆಗೆ ನೆರವಾಗುವ ಅಲ್ಲಿನ ಸಂಸ್ಥೆ ಜಪಾನ್ ಫೌಂಡೇಶನ್ನಿನ ಇರೊದೊರಿ ಪುಸ್ತಕ ಪುಕ್ಕಟೆ ಡೌನ್‌ಲೋಡ್ ಆಗುತ್ತದೆ, ಆಡಿಯೊ ಸಮೇತ. ಅಲ್ಲಿ ದುಡಿದು ಬದುಕುವವರಿಗೆ ಅಂತಲೇ ಮಾಡಿದ್ದು. ಅದರಿಂದ ಶುರು ಮಾಡಿ.

ಗೋಕುಲಂ ಮನೆ:
ನಮ್ಮ ಮನೆ ಗೋಕುಲಂನಲ್ಲಿದೆ. ಯೋಗ ಕಲಿಯಲು ಬರುವವರಿಗೆ ಮೇಲಿನ ರೂಮು ಬಾಡಿಗೆ ಕೊಡುತ್ತೇವೆ. ಪಟ್ಟಾಭಿ ಜೋಯಿಸರ ಕಾಲದಿಂದಲೂ ಈ ರಸ್ತೆಗಳಲ್ಲಿ ಹೊರದೇಶದವರು ಇದ್ದೇ ಇದ್ದಾರೆ, ಜಪಾನಿನವರೂ ಬರುತ್ತಾರೆ.

ಒಬ್ಬ ಹುಡುಗಿ ನಾಲ್ಕು ಸಲ ಬಂದಳು. ನಮ್ಮ ಅತ್ತೆಗೆ ಇಂಗ್ಲಿಷ್ ಬರಲ್ಲ, ಅವಳಿಗೂ ಅಷ್ಟಕ್ಕಷ್ಟೆ. ಆದರೂ ಸಂಜೆ ಇಬ್ಬರೂ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವಳು ಊಟಕ್ಕೆ ಮುಂಚೆ ಕೈ ಜೋಡಿಸಿ "ಇತಾದಾಕಿಮಾಸು" ಅನ್ನುವಳು. ಅದೇನು ಅಂತ ಅತ್ತೆ ನನ್ನನ್ನು ಕೇಳಿದರು. ತಲೆಬಾಗಿ ತೆಗೆದುಕೊಳ್ಳುತ್ತೇನೆ ಅಂತ ಅರ್ಥ. ನೆಟ್‌ನಲ್ಲಿ ಹುಡುಕಿ ಹೇಳಿದೆ. ಮಾರನೇ ದಿನ ಇನ್ನೊಂದು ಪ್ರಶ್ನೆ. ಹೀಗೆ ಅತ್ತೆಗೋಸ್ಕರ ಕಲಿಯಲು ಶುರು ಮಾಡಿದವಳು ನಾನು. ಪರೀಕ್ಷೆ ಬರೆದಿಲ್ಲ, ಬರೆಯುವುದೂ ಇಲ್ಲ. ಈಗಲೂ ಅವಳು ವಿಡಿಯೊ ಕಾಲ್ ಮಾಡಿದರೆ ನಾನು ಮಧ್ಯೆ ಕೂರಬೇಕು. ಅವರೆಕಾಯಿ ಸೀಸನ್ನಿನಲ್ಲಿ ತಪ್ಪದೆ ಮಾಡುತ್ತಾಳೆ.

ಭಾಷೆ ಹುಚ್ಚು:
ತುಂಬ ಒಳ್ಳೆಯ ಚರ್ಚೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಕಲಿಯುವ ಕಾರಣಗಳ ಬಗ್ಗೆ ಕೆನಡಾದ ರಾಬರ್ಟ್ ಗಾರ್ಡ್ನರ್ ಮತ್ತು ವಾಲೆಸ್ ಲ್ಯಾಂಬರ್ಟ್ 1959ರಲ್ಲೇ ಬರೆದರು. ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುವ, ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ನೋಡಿ ಎರಡು ಬಗೆ ಮಾಡಿದರು. ಕೆಲಸ, ಸಂಬಳ, ಪರೀಕ್ಷೆಗಾಗಿ ಕಲಿಯುವುದು ಒಂದು. ಆ ಜನರ ಹತ್ತಿರ ಹೋಗಬೇಕು ಅನ್ನುವ ಆಸೆಗೆ ಕಲಿಯುವುದು ಇನ್ನೊಂದು. ಆಮೇಲೆ 2005ರಲ್ಲಿ ಹಂಗೇರಿಯ ಜೊಲ್ತಾನ್ ದೊರ್ನ್ಯೆಯಿ ಬೇರೆ ರೀತಿ ಹೇಳಿದರು. ಆ ಭಾಷೆ ಆಡುವ ನಾನು ಹೇಗಿರುತ್ತೇನೆ ಅನ್ನುವ ಚಿತ್ರ ಮನಸ್ಸಿನಲ್ಲಿ ಸ್ಪಷ್ಟವಾಗಿದ್ದರೆ ಅದೇ ಎಳೆದುಕೊಂಡು ಹೋಗುತ್ತದೆ ಅಂತ. ಇದೇ ನನಗೆ ಜಾಸ್ತಿ ಸರಿ ಅನ್ನಿಸುವುದು. ಮಂಡ್ಯ ಸಿಸ್ಟರ್ ದುಡ್ಡಿಗೆ ಶುರು ಮಾಡಿದರು. ಹಾಸಿಗೆ ಪಕ್ಕ ನಿಂತು ಜಪಾನೀಸಿನಲ್ಲಿ ಅಜ್ಜನನ್ನು ಮಾತಾಡಿಸುವ ತಾವು ಕಣ್ಣಿಗೆ ಕಂಡರು. ಅವರನ್ನು ಯಾವ ಬಗೆಗೆ ಸೇರಿಸುತ್ತೀರಿ? ದುಡ್ಡಿನ ಕಾರಣವನ್ನು ಕೀಳು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಹೊಟ್ಟೆಪಾಡಿಗೆ ಕಲಿತ ಭಾಷೆಯೂ ಬಾಯಲ್ಲಿ ಸಿಹಿಯಾಗುತ್ತದೆ.

2021ರಲ್ಲಿ ಜಪಾನ್ ಫೌಂಡೇಶನ್ ಮಾಡಿದ ಸಮೀಕ್ಷೆಯಲ್ಲಿ ಜಪಾನಿನ ಹೊರಗೆ ಸಂಸ್ಥೆಗಳಲ್ಲಿ ಕಲಿಯುವವರು ಸುಮಾರು 38 ಲಕ್ಷ. ಭಾರತದಲ್ಲಿ ಸುಮಾರು 36 ಸಾವಿರ ಮಾತ್ರ. 2025ರ ಆಗಸ್ಟ್‌ನಲ್ಲಿ ಎರಡೂ ಸರ್ಕಾರಗಳು ಐದು ವರ್ಷದಲ್ಲಿ ಐದು ಲಕ್ಷ ಜನರ ಹೋಗಿಬರುವಿಕೆಯ ಗುರಿ ಇಟ್ಟುಕೊಂಡವು, ಅದರಲ್ಲಿ 50,000 ಮಂದಿ ಭಾರತದಿಂದ ಹೋಗುವ ನುರಿತ ಕೆಲಸಗಾರರು. ಕಲಿಸುವವರು ಎಲ್ಲಿದ್ದಾರೆ? ಅದಕ್ಕೇ ಮಲ್ಲಿಗೆ ಅವರ ಭಾನುವಾರದ ಪಾಠ ನನಗೆ ದೊಡ್ಡ ವಿಷಯ.

ಈಗ ಇಬ್ಬರು ಮಕ್ಕಳ ತಾಯಿಯವರಿಗೆ. ಮೇಡಂ, ನಿಮ್ಮ ಮಗಳ ಕನ್ನಡ ಇದರಿಂದ ಕೆಡುವುದಿಲ್ಲ, ಗಟ್ಟಿಯಾಗುತ್ತದೆ. ಜಪಾನೀಸ್ ಅಕ್ಷರಮಾಲೆ ಹೇಗೆ ಶುರುವಾಗುತ್ತದೆ ಗೊತ್ತಾ? ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ದಾರಿಯೇ. ಬೌದ್ಧ ಭಿಕ್ಷುಗಳ ಜೊತೆ ಸಂಸ್ಕೃತದ ಅಕ್ಷರ ಜೋಡಿಸುವ ಕ್ರಮ ಅಲ್ಲಿಗೆ ಹೋಯಿತು. ನ ಮತ್ತು ಮ ನಡುವೆ ಹ ಯಾಕೆ ಬಂತು? ಅಲ್ಲಿ ಪ ಇರಬೇಕಲ್ಲವೇ? ಇತ್ತು! ಹಿಂದೆ ಅವರ ಹ ಸದ್ದು ಪ ಆಗಿತ್ತು. ಹೂವಿಗೆ ಈಗ ಹಾನಾ ಅನ್ನುತ್ತಾರೆ, ಬಹಳ ಹಿಂದೆ ಅದು ಪಾನಾ. ನಮ್ಮಲ್ಲೂ ಪೂ ಹೂವಾಯಿತು, ಪಾಲ್ ಹಾಲಾಯಿತು. ಎರಡು ಭಾಷೆಯೂ ಬೇರೆ ಬೇರೆ ಕಡೆ, ತಮ್ಮ ಪಾಡಿಗೆ ತಾವು ಒಂದೇ ಹೆಜ್ಜೆ ಇಟ್ಟವು. ಇದನ್ನು ತಿಳಿದ ಹುಡುಗಿ ಹಳಗನ್ನಡ ಪದ್ಯ ಕಂಡು ಹೆದರುವುದಿಲ್ಲ.

ಎರಡು ಸಾವಿರ ಅಕ್ಷರ ಅಂದಿರಿ. ದಿನಬಳಕೆಯ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳು, 2,136, ನಿಜ. ಆದರೆ ಅದನ್ನು ಅವರ ಮಕ್ಕಳೇ ಶಾಲೆಯಲ್ಲಿ ವರ್ಷಗಟ್ಟಲೆ ಕಲಿಯುತ್ತಾರೆ. ಶುರುವಿಗೆ ಬೇಕಾದದ್ದು 46 ಹಿರಗಾನ. ಒಂದು ತಿಂಗಳು ಸಾಕು.

ಪಿಯುಸಿ ಪೆನ್ಸಿಲ್:
ಸರ್, ತಮಿಳಿನಿಂದಲೇ ಜಪಾನೀಸ್ ಬಂತು ಅಂತ ಒಂದು ವಿಡಿಯೊ ನೋಡಿದೆ. ನಿಜವಾ?

ಭಾಷೆ ಹುಚ್ಚು:
ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮಿಳಿಗೂ ಜಪಾನೀಸಿಗೂ ನಂಟಿದೆ ಅಂತ ವಾದ ಮಾಡಿದ್ದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಿಲ್ಲ. ನಂಟು ಇಲ್ಲದಿದ್ದರೂ ಕಟ್ಟಡ ಒಂದೇ ಥರ ಇರಬಹುದು, ಕಲಿಯುವವರಿಗೆ ಅದೇ ಸಾಕು. ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿ ಪದದ ಹಿಂದೆ ಅಂಟಿಕೊಳ್ಳುತ್ತದೆ.

ಮಲ್ಲಿಗೆ ಮೈಸೂರು:
ಸರ್ ಹೇಳಿದ ಆ "ಕಟ್ಟಡ"ವೇ ನನ್ನನ್ನು ಹಿಡಿದದ್ದು ಅಂತ ಈಗ ಅರ್ಥ ಆಗುತ್ತಿದೆ. ಬರೆಯುತ್ತೇನೆ ಕೇಳಿ.

ಮೊದಲ ವರ್ಷ ಇಂಗ್ಲಿಷ್ ಪುಸ್ತಕದಿಂದ ಕಲಿತೆ. "ತೆ ರೂಪ" ಅನ್ನುವ ಪಾಠಕ್ಕೆ ಬಂದು ಸಿಕ್ಕಿಹಾಕಿಕೊಂಡೆ. ಒಂದೊಂದು ಬಳಕೆಗೆ ಅರ್ಧ ಪುಟ ವಿವರಣೆ. ಒಂದು ರಾತ್ರಿ ಸಾಕಾಗಿ ಪುಸ್ತಕ ಮುಚ್ಚಿದೆ. ಅಡುಗೆಮನೆಯಲ್ಲಿ ಮಗಳು ಹುಳಿಗೆ ಉಪ್ಪು ಹಾಕಿ, "ಅಮ್ಮ, ತಿಂದು ನೋಡು" ಅಂದಳು. ಸೌಟು ಕೈಯಲ್ಲೇ ಇತ್ತು. ತಾಬೆತೆ ಮಿರು! ತಾಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ಅರ್ಧ ಪುಟದಲ್ಲಿ ಇದ್ದದ್ದು ನನ್ನ ಮಗಳ ಬಾಯಲ್ಲಿ ಎರಡು ಪದ. ಓಡಿ ಹೋಗಿ ಪುಸ್ತಕ ತೆಗೆದೆ. ಕಾಯ್ತೆ ಒಕು, ಬರೆದು ಇಡು. ತಾಬೆತೆ ಶಿಮಾತ್ತಾ, ತಿಂದುಬಿಟ್ಟೆ. ಕಾತ್ತೆ ಕುರು, ಕೊಂಡು ಬಾ. ಯೊಂದೆ ಇರು, ಓದುತ್ತಾ ಇರು. ಒಂದೊಂದೂ ಕೂತಿತು. ಹುಳಿ ತಣ್ಣಗಾಯಿತು, ನನಗೆ ಲೆಕ್ಕವೇ ಇರಲಿಲ್ಲ.

ಆಮೇಲೆ ನೋಡಿದರೆ ಎಲ್ಲ ಕಡೆ ಇದೇ. "ಹೋಗುತ್ತೇನೆ ಅಂತ ಹೇಳಿದ" ಅನ್ನುವಾಗ ನಮ್ಮ "ಅಂತ" ಎಲ್ಲಿದೆಯೋ ಅವರ "ತೊ" ಅಲ್ಲೇ ಇದೆ. ವಾಕ್ಯದ ಕೊನೆಯ "ನೆ" ನಮ್ಮ "ಅಲ್ವಾ". ಪ್ರಶ್ನೆಗೆ ಕೊನೆಯಲ್ಲಿ ಒಂದು "ಕಾ" ಹಚ್ಚಿದರೆ ಸಾಕು, ನಾವು "ಬರ್ತೀರಾ" ಅಂತ ಎಳೆಯುವ ಹಾಗೆ.

ಬರವಣಿಗೆಯಲ್ಲೂ ಕನ್ನಡ ಕೈ ಹಿಡಿಯುತ್ತದೆ. ಅವರಿಗೆ ಹ್ರಸ್ವ, ದೀರ್ಘ, ಒತ್ತು ಮೂರೂ ಮುಖ್ಯ. ಬಿರು ಅಂದರೆ ಕಟ್ಟಡ, ಬೀರು ಅಂದರೆ ಬಿಯರ್. ಒಬಸಾನ್ ಅತ್ತೆ ಚಿಕ್ಕಮ್ಮ ಆದರೆ ಒಬಾಸಾನ್ ಅಜ್ಜಿ. ಕಿತೆ ಅಂದರೆ ಬಂದು, ಕಿತ್ತೆ ಅಂದರೆ ಕತ್ತರಿಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡವರು ಇಲ್ಲೇ ಎಡವುತ್ತಾರೆ. ನಮಗೆ ಒಂದು ದೀರ್ಘ, ಒಂದು ಒತ್ತು ಹಾಕಿದರೆ ಮುಗಿಯಿತು. ಆದರೆ ಎರಡು ಮೂರು ವಾರ ಮಾತ್ರ. ಆಮೇಲೆ ಹಿರಗಾನಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ಕನ್ನಡ ಅಕ್ಷರವೂ ಊರುಗೋಲಾಗಿಬಿಡುತ್ತದೆ.

ಮತ್ತೊಂದು. ನಮ್ಮ ಮನೆಗಳಲ್ಲಿ ಹೊರಡುವಾಗ ಯಾರೂ "ಹೋಗ್ತೀನಿ" ಅನ್ನುವುದಿಲ್ಲ. ಅಂದರೆ ಹಿರಿಯರು ತಿದ್ದುತ್ತಾರೆ. "ಹೋಗಿ ಬರ್ತೀನಿ" ಅನ್ನು. ಜಪಾನಿನಲ್ಲೂ ಹೊಸಿಲು ದಾಟುವಾಗ "ಇತ್ತೆ ಕಿಮಾಸು" ಅನ್ನುತ್ತಾರೆ. ಇತ್ತೆ ಹೋಗಿ, ಕಿಮಾಸು ಬರುತ್ತೇನೆ. ಒಳಗಿದ್ದವರು "ಇತ್ತೆರಾಶ್ಶಾಯ್" ಅನ್ನುತ್ತಾರೆ. ಹೋಗಿ ಬಾ. ನಮ್ಮಮ್ಮ ಇದ್ದಾಗ ನಾನು ಕಾಲೇಜಿಗೆ ಹೊರಟರೆ ಒಳಗಿಂದಲೇ ಕೂಗುತ್ತಿದ್ದರು, "ಹೋಗ್ಬಾ." ಅಷ್ಟು ದೂರದ ದ್ವೀಪದಲ್ಲಿ ಒಬ್ಬ ತಾಯಿ ಇವತ್ತು ಬೆಳಿಗ್ಗೆ ಅದನ್ನೇ ಕೂಗಿರುತ್ತಾಳೆ. ಮದುವೆ ಮನೆಯಲ್ಲಿ ಆ ಹಿರಿಯರಿಗೆ ನಾನು ಇದನ್ನು ಹೇಳಬೇಕಿತ್ತು.

ರೇಷ್ಮೆ ನಿವೃತ್ತ:
ಅಮ್ಮ, ನಿಮ್ಮ ಬರಹ ಎರಡು ಸಲ ಓದಿದೆ. ನನಗೆ 71 ವರ್ಷ. ಶ್ರೀರಾಂಪುರದ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಕ್ಷೇತ್ರ ಸಹಾಯಕನಾಗಿ ಕೆಲಸ ಮಾಡಿದವನು.

1991ರಲ್ಲಿ ಜೈಕಾ ಅನ್ನುವ ಜಪಾನ್ ಸರ್ಕಾರದ ನೆರವು ಸಂಸ್ಥೆಯ ಯೋಜನೆ ನಮ್ಮಲ್ಲಿ ಶುರುವಾಯಿತು. ಮೂರು ಹಂತದಲ್ಲಿ 2007ರವರೆಗೂ ನಡೆಯಿತು. ಆಗ ನಮ್ಮ ರೈತರು ಬೆಳೆಯುತ್ತಿದ್ದದ್ದು ಬಹುಪಾಲು ಹಳದಿ ಗೂಡು. ಬಿಳಿ ಗೂಡು, ಅಂದರೆ ಬೈವೋಲ್ಟೈನ್, ನಮ್ಮ ಸೆಕೆಗೆ ನಿಲ್ಲಲ್ಲ ಅಂತಲೇ ಎಲ್ಲರೂ ಹೇಳುತ್ತಿದ್ದರು. ಜಪಾನಿನಿಂದ ತಜ್ಞರು ಬಂದರು. ನಮ್ಮ ವಿಜ್ಞಾನಿಗಳು, ಅವರು ಸೇರಿ ದುಡಿದರು. ಸಿಎಸ್‌ಆರ್ 2, ಸಿಎಸ್‌ಆರ್ 4 ಅನ್ನುವ ತಳಿಗಳು ಬಂದದ್ದು ಆ ಕಾಲದಲ್ಲೇ.

ಅವರಲ್ಲಿ ಒಬ್ಬರು ಮಳವಳ್ಳಿ ಕಡೆಯ ಹಳ್ಳಿಗೆ ನನ್ನ ಜೊತೆ ಬರುತ್ತಿದ್ದರು. ಹುಳದ ಮನೆಗೆ ಕಾಲಿಡುವ ಮುಂಚೆ ಬಾಗಿಲಲ್ಲೇ ನಿಂತು ಮೂಗಿನಿಂದ ಉಸಿರೆಳೆದು ನೋಡುವರು. ಚಾಕಿ, ಅಂದರೆ ಎಳೆಯ ಹುಳಕ್ಕೆ 27, 28 ಡಿಗ್ರಿ ಬೇಕು, ಹಸಿ ಜಾಸ್ತಿ ಇರಬೇಕು. ದೊಡ್ಡ ಹುಳಕ್ಕೆ 24 ಸಾಕು, ಗಾಳಿ ಆಡಬೇಕು. ಥರ್ಮಾಮೀಟರ್ ನೋಡುವ ಮುಂಚೆಯೇ ಅವರಿಗೆ ಗೊತ್ತಾಗುತ್ತಿತ್ತು. ರೈತನ ಹೆಂಡತಿ ಸೊಪ್ಪು ಹೆಚ್ಚುವುದನ್ನು ನೋಡಿ ತಲೆಯಾಡಿಸುವರು. ಜೀಪಿನಲ್ಲಿ ಬರುವಾಗ ನನಗೆ ಪದ ಹೇಳಿಕೊಡುವರು. ಕಾಯ್ಕೊ, ಹುಳು. ಕುವಾ, ಹಿಪ್ಪುನೇರಳೆ. ಮಾಯು, ಗೂಡು.

ಒಂದು ಸಲ ಜೀಪಿನ ಧೂಳು ಹಿಡಿದ ಗಾಜಿನ ಮೇಲೆ ಬೆರಳಲ್ಲಿ ಮಾಯು ಅನ್ನುವ ಕಾಂಜಿ ಬರೆದರು. ಮೇಲೆ ಹುಲ್ಲಿನ ಗುರುತು. ಕೆಳಗೆ ಗೂಡಿನ ಹಾಗೆ ಒಂದು ಕಟ್ಟು. ಅದರ ಒಳಗೆ ಎಡಕ್ಕೆ ನೂಲು, ಬಲಕ್ಕೆ ಹುಳು. ಒಂದು ಅಕ್ಷರದೊಳಗೆ ಇಡೀ ಚಂದ್ರಿಕೆ, ಹುಳ ಗೂಡು ಕಟ್ಟುವ ತಟ್ಟೆ. ನಾನು ಎಸ್ಸೆಸ್ಸೆಲ್ಸಿ ಓದಿದವನು. ಅದನ್ನು ನೋಡಿ ಮೈ ಜುಂ ಅಂದಿತು. ಮುಂದೆ ಕಲಿಯಬೇಕು ಅಂತ ಬಹಳ ಆಸೆ ಇತ್ತು. ಸಂಸಾರ, ಸಾಲ, ಮಕ್ಕಳ ಓದು. ಆಗಲಿಲ್ಲ.

ಒಂದು ಕಾಲಕ್ಕೆ ಜಪಾನಿನಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ರೇಷ್ಮೆ ಸಾಕುತ್ತಿದ್ದರು. ಈಗ ಅಲ್ಲಿ ಬೆರಳೆಣಿಕೆ ಅನ್ನುವಷ್ಟು ಕಡಿಮೆಯಾಗಿದೆ. ಆ ಪದಗಳು ಅಲ್ಲಿನ ಹುಡುಗರಿಗೇ ಮರೆಯುತ್ತಿವೆಯೋ ಏನೋ ಅಂತ ಯೋಚನೆ ಬರುತ್ತದೆ. ನನಗೆ ಮೂರೂ ನೆನಪಿದೆ. 71 ವರ್ಷದವನು ನಿಮ್ಮ ಪಾಠಕ್ಕೆ ಬಂದರೆ ಅಡ್ಡಿ ಇದೆಯೇ?

ದೊಡ್ಡಿ ಹುಡುಗ:
ತಾತ, ನಮ್ಮಪ್ಪನೂ ಬಿಳಿ ಗೂಡೇ ಬೆಳೆಯುವುದು. ಸಿಎಸ್‌ಆರ್ ಅನ್ನುವ ಹೆಸರು ಚಿಕ್ಕಂದಿನಿಂದ ಕೇಳಿದ್ದೇನೆ, ಅದರ ಹಿಂದೆ ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಹುಳ ನಾಲ್ಕನೇ ಜ್ವರದಲ್ಲಿದೆ, ಅಂದರೆ ನಾಲ್ಕನೇ ಸಲ ಪೊರೆ ಬಿಡುತ್ತಿದೆ, ಈಗಷ್ಟೇ ನೋಡಿ ಬಂದೆ. ಅಪ್ಪನಿಗೆ ಮಾಯು ಅಂತ ಹೇಳಿಕೊಟ್ಟೆ. ಎರಡು ಸಲ ಹೇಳಿ ನೋಡಿದರು.

ನಮ್ಮ ಮನೆಯಲ್ಲಿ ವಿಶ್ವೇಶ್ವರಯ್ಯನವರ ಫೋಟೊ ಇದೆ. ಅವರು 1898ರಲ್ಲೇ ಜಪಾನಿಗೆ ಹೋಗಿ ಬಂದವರು ಅಂತ ಮೇಷ್ಟ್ರು ಹೇಳಿದ್ದರು. ನಾನು ದುಡ್ಡಿಗೇ ಹೋಗುತ್ತೇನೆ, ಅದು ಬದಲಾಗಿಲ್ಲ. ಆದರೆ ಹೋದ ಮೇಲೆ ಅಲ್ಲಿ ಗೂಡು ಬೆಳೆಯುವವರು ಯಾರಾದರೂ ಉಳಿದಿದ್ದರೆ ಹುಡುಕಿಕೊಂಡು ಹೋಗಿ ನೋಡುತ್ತೇನೆ.

ಮಲ್ಲಿಗೆ ಮೈಸೂರು:
ಸರ್, ಅಡ್ಡಿಯಾ? ಮೊದಲ ದಿನ ಆ ಗೂಡಿನ ಅಕ್ಷರ ನೀವೇ ಬೋರ್ಡಿನ ಮೇಲೆ ಬರೆಯಬೇಕು. ಮೆಟ್ಟಿಲು ಹತ್ತುವ ಕಷ್ಟ ಇಲ್ಲ, ಪಾಠ ಕೆಳಗಿನ ಹಾಲಿನಲ್ಲೇ.

ಪರೀಕ್ಷೆಯ ಬಗ್ಗೆ ಒಂದು ಮಾತು. ಜೆಎಲ್‌ಪಿಟಿ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರ್. ನಮಗೆ ಹತ್ತಿರದ ಕೇಂದ್ರ ಬೆಂಗಳೂರು. ಎನ್5ಗೆ 180ಕ್ಕೆ 80 ಬಂದರೆ ಪಾಸು, ಆದರೆ ಕೇಳುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು. ಅದರಲ್ಲಿ ಮಾತಾಡುವ ಪರೀಕ್ಷೆಯೇ ಇಲ್ಲ, ಬರೆಯುವುದೂ ಇಲ್ಲ. ಬರೀ ಗುರುತು ಹಾಕುವುದು. ಅದಕ್ಕೇ ನಮ್ಮ ಪಾಠದಲ್ಲಿ ಮೊದಲ ದಿನದಿಂದ ಮಾತಾಡುತ್ತೇವೆ.

ಇಬ್ಬರು ಮಕ್ಕಳ ತಾಯಿ:
ನಿನ್ನೆಯಿಂದ ಎಲ್ಲ ಓದಿದೆ. ಮಗಳಿಗೆ "ತಿಂದು ನೋಡು" ಕತೆ ಹೇಳಿದೆ. ಅವಳು ಕೂಡಲೇ ಕೂತು "ಹಾಡಿ ನೋಡು, ಓಡಿ ನೋಡು, ಕೇಳಿ ನೋಡು" ಅಂತ ಒಂದು ಪುಟ ಬರೆದಳು. ಕನ್ನಡದಲ್ಲಿ. ಎರಡೇ ತಪ್ಪು ಇತ್ತು. ಕಳಿಸುತ್ತೇನೆ. ಆದರೆ ಅವಳನ್ನು ಬಿಟ್ಟು ಎರಡು ಗಂಟೆ ಹೊರಗೆ ಕಾಯುವ ಬದಲು ನಾನೂ ಒಳಗೆ ಕೂರಬಹುದಾ?

ಮಂಡ್ಯ ಸಿಸ್ಟರ್:
ಮಲ್ಲಿಗೆ ಅಕ್ಕ, ನೀವು ಬರೆದದ್ದನ್ನು ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ನಾನು ಹೋಗುವ ವಿಷಯ ಬಂದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದರು. ನಿನ್ನೆ ಹೋಗಲಿಲ್ಲ. ಇವತ್ತು ಡ್ಯೂಟಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತ "ಇತ್ತೆ ಕಿಮಾಸು" ಅಂದೆ. ಅಮ್ಮ ಒಲೆ ಮುಂದೆ ಇದ್ದರು. "ಇತ್ತೆ... ರಾಸಾಯಿ" ಅಂದರು. ಆಮೇಲೆ ಮೆಲ್ಲಗೆ, "ಸರಿಯಾಯ್ತಾ?" ಅಂದರು.

ಮಲ್ಲಿಗೆ ಮೈಸೂರು:
ಸರಿಯಾಯಿತು ಅಂತ ಹೇಳಿ. ಶ್ಶಾ ಒತ್ತು ನಾಳೆ ಹೇಳಿಕೊಟ್ಟರಾಯಿತು.

ಎಲ್ಲರಿಗೂ: ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ವಿಳಾಸವನ್ನು ಒಬ್ಬೊಬ್ಬರಿಗೇ ಕಳಿಸುತ್ತೇನೆ. ಚೌಕಳಿ ಗೆರೆಯ ಲೆಕ್ಕದ ಪುಸ್ತಕ ತನ್ನಿ, ಹಿರಗಾನಕ್ಕೆ ಅದೇ ಅನುಕೂಲ. ಪೆನ್ನು ಬೇಡ, ಸೀಸದಕಡ್ಡಿ ಸಾಕು. ತಾಯಿ ಮಗಳು ಇಬ್ಬರೂ ಒಳಗೇ ಕೂರಿ, ಚಾಪೆ ದೊಡ್ಡದಿದೆ. ಮೊದಲ ಪಾಠ ಅ, ಇ, ಉ, ಎ, ಒ ಅಲ್ಲ. ಹೋಗಿ ಬರ್ತೀನಿ.